ನೀರಿನ ಪೈಪಿಲ್ಲದ ವಿಮಾನ

ನಾಳೆ ಕೋಡಿ ಕಡಲ ಬದಿಗೆ ನನ್ನ ವಿಮಾನ ಹಾರುವುದನ್ನು ನೋಡಲಿಕ್ಕೆ ಬನ್ನಿ ಅಂತ ಕರೆದಿದ್ದೆನಲ್ಲ, ಯಾರೂ ಬರಬೇಡಿ ಮಾರಾಯ್ರೆ. ಮೋಟಾರು ಸುಟ್ಟುಹೋಯ್ತು.

ಸುಟ್ಟವರು ಅಕ್ಕನ ಗಂಡ, ನಮ್ಮ ಭಾವ. ಮೂವತ್ತು ವರ್ಷದಿಂದ ಮೀನುಗಾರಿಕೆ ಬೋಟಿನ ಇಂಜಿನ್ ರಿಪೇರಿ ಮಾಡುವವರು. ನನ್ನದು ರಿಮೋಟಿನಲ್ಲಿ ಹಾರಿಸುವ ಥರ್ಮಾಕೋಲಿನ ವಿಮಾನ, ಎಲ್ಲ ಸೇರಿ ಅರ್ಧ ಕಿಲೋ ಇಲ್ಲ. ಆ ತೂಕಕ್ಕೆ ತಕ್ಕ ಮೋಟಾರು, ಮೋಟಾರಿಗೆ ತಕ್ಕ ಎಂಟಿಂಚಿನ ಪ್ರೊಪೆಲ್ಲರ್, ಹಗುರದ ಬ್ಯಾಟರಿ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಆರಿಸಿದ್ದೆ. ಇವತ್ತು ನಾನು ಒಳಗೆ ಹೋಗಿ ಚಾ ತರುವಷ್ಟರಲ್ಲಿ ಭಾವ ನನ್ನ ಡಬ್ಬದಲ್ಲಿದ್ದ ಹನ್ನೆರಡು ಇಂಚಿನ ಪ್ರೊಪೆಲ್ಲರ್ ಸಿಕ್ಕಿಸಿ ಫುಲ್ ಸ್ಪೀಡ್ ಕೊಟ್ಟಾಗಿತ್ತು.

“ಹ್ವಾಯ್, ಅಷ್ಟ್ ಸಣ್ಣ ಫ್ಯಾನಂಗೆ ಎಂತ ಆತ್ತ್? ದೊಡ್ಡದ್ ಹಾಕಿರೆ ಹ್ಯಾಂಗ್ ಎಳೀತ್ ಕಾಣ್!”

ಕಂಡೆ. ಹೊಗೆ ಬಂತು.

“ಅಷ್ಟು ದೊಡ್ಡದನ್ನು ತಿರುಗಿಸಲಿಕ್ಕೆ ಹೋಗಿ ಕಾದು ಸುಟ್ಟಿತು ಭಾವಾ!” ಅಂತ ಕೂಗಿದೆ.

ಭಾವ ಮೋಟಾರು ಮುಟ್ಟಿ, ಬೆರಳು ಬಾಯಿಗಿಟ್ಟುಕೊಂಡು, ನನಗೇ ಬೈದರು. “ಬೋಟಿನ್ ಇಂಜಿನಿನ ಹಾಂಗೆ ನೀರಿನ್ ಪೈಪೇ ಇಡದೆ ಮೋಟ್ರ್ ತಂಪಾಪುದ್ ಹ್ಯಾಂಗ್ ಮಾರಾಯಾ?”

ಈಗ ಅಂಗಳದಲ್ಲಿ ವಿಮಾನವನ್ನು ಮಗುಚಿ ಹಾಕಿ ಅದರ ತಳ ನೋಡುತ್ತಿದ್ದಾರೆ. ಲಂಗರು ಕಟ್ಟುವ ಜಾಗ ಹುಡುಕುತ್ತಿರಬೇಕು.