ಬೇರೆಯವರ ಕಣ್ಣಿನ ಕಲೆಗಳು

ಮಾದಾಪುರದ ನಮ್ಮ ಆಫೀಸಿನಲ್ಲಿ ಕಣ್ಣಿನ ಒಳಪದರದ ಚಿತ್ರ ತೆಗೆಯುವ ಕ್ಯಾಮೆರಾ ತಯಾರಾಗುತ್ತಿತ್ತು. ಅದನ್ನು ಕಂಪ್ಯೂಟರಿಗೆ ಜೋಡಿಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆದವರು ಕೆಲಸ ಬಿಟ್ಟಿದ್ದರು. ಅದು ನನ್ನ ಪಾಲಿಗೆ ಬಂತು. ಒಂದು ಕ್ಯಾಮೆರಾ ಪರೀಕ್ಷೆಗಾಗಿ ತಾರ್ನಾಕದ ಸಣ್ಣ ಕಣ್ಣಿನ ಕ್ಲಿನಿಕ್‌ನಲ್ಲಿತ್ತು.

ಒಂದು ಮಧ್ಯಾಹ್ನ ಅಲ್ಲಿನ ತೆಲುಗು ಮಾತಾಡುವ ಡಾಕ್ಟರಮ್ಮ ನನ್ನನ್ನು ಕರೆಸಿದರು. ಎದುರಿಗೆ ಬೀದರ್ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಹೆಂಗಸು ಕೂತಿದ್ದರು. ಪರದೆಯಲ್ಲಿ ಚಿತ್ರದ ಮೇಲಿನ ಅಂಚು ಮಾತ್ರ ಸರಿಯಿತ್ತು. ಅದರ ಕೆಳಗೆ ರಕ್ತನಾಳಗಳು ತಟ್ಟನೆ ತುಂಡಾಗಿ, ರಕ್ತದ ಕಲೆಗಳು ಶುರುವಾಗಿದ್ದವು. ಅವು ಬೆಳಿಗ್ಗೆ ಬಂದಿದ್ದ ಇನ್ನೊಬ್ಬ ರೋಗಿಯವು ಎಂದು ಡಾಕ್ಟರಮ್ಮ ಗುರುತು ಹಿಡಿದಿದ್ದರು.

"ಕಣ್ಣು ಹೋಗ್ತಾವೇನ್ರಿ?" ಎಂದು ಆ ಹೆಂಗಸು ನನ್ನನ್ನು ಕೇಳಿದರು.

"ಇಲ್ರಿ ಅಮ್ಮಾ. ಇವು ನಿಮ್ಮ ಕಣ್ಣಲ್ಲ. ಮಷೀನು ತಪ್ಪು ತೋರ್ಸಾಕತ್ತೈತಿ."

"ಮತ್ತ ನನ್ನ ಕಣ್ಣು ಎಲ್ಲಿ ಹೋತ್ರಿ?"

"ಹುಡುಕ್ತೀನ್ರಿ," ಎಂದೆ. ಡಾಕ್ಟರಮ್ಮ ಲೆನ್ಸ್ ಹಿಡಿದು ಮತ್ತೆ ಪರೀಕ್ಷಿಸಿ, ಸಿಮೆಂಟ್ ಧೂಳಿನ ಉರಿ ಅಷ್ಟೇ ಎಂದು ಹನಿ ಔಷಧ ಬರೆದುಕೊಟ್ಟರು.

ಆಫೀಸಿಗೆ ಮರಳಿ ಡ್ರೈವರ್ ಓದಿದಾಗ ಕಾರಣ ಸಿಕ್ಕಿತು. ಚಿತ್ರಕ್ಕಾಗಿ ಅದು ಕೇಳಿ ಪಡೆಯುತ್ತಿದ್ದ ಮೆಮೊರಿ ಪ್ರೋಗ್ರಾಮಿಗೆ ಒಂದೇ ಸಾಲಿನಂತೆ ಕಂಡರೂ, ನಿಜವಾಗಿ ಅಲ್ಲಲ್ಲಿ ಚದುರಿದ ತುಂಡುಗಳಲ್ಲಿತ್ತು. ಕ್ಯಾಮೆರಾಕ್ಕೆ ಅದು ತಿಳಿಯುವುದಿಲ್ಲ. ಮೊದಲ ವಿಳಾಸದಿಂದ ನೇರವಾಗಿ ಬರೆಯುತ್ತಾ ಹೋಗುತ್ತದೆ. ಮೊದಲ ತುಂಡು ಮುಗಿದ ಮೇಲೆ ಆಕೆಯ ಕಣ್ಣಿನ ಚಿತ್ರ ಬೇರಾವುದೋ ಪ್ರೋಗ್ರಾಮಿನ ಜಾಗದಲ್ಲಿ ಬಿದ್ದಿತ್ತು. ಉಳಿದ ತುಂಡುಗಳಲ್ಲಿ ಹಳೆಯ ರೋಗಿಯ ಚಿತ್ರ ಅಳಿಯದೆ ಉಳಿದಿತ್ತು. ನಮ್ಮ ಆಫೀಸಿನ ಕಂಪ್ಯೂಟರುಗಳನ್ನು ಆಗಾಗ ಆಫ್ ಮಾಡಿ ಮತ್ತೆ ಆನ್ ಮಾಡುತ್ತಿದ್ದುದರಿಂದ ತುಂಡುಗಳು ಅಕ್ಕಪಕ್ಕದಲ್ಲೇ ಸಿಗುತ್ತಿದ್ದವು, ತಪ್ಪು ಕಂಡಿರಲಿಲ್ಲ. ಕ್ಲಿನಿಕ್‌ನ ಕಂಪ್ಯೂಟರು ಬೆಳಿಗ್ಗೆಯಿಂದ ಒಂದೇ ಸಮನೆ ಓಡಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ಅವು ಚದುರಿದ್ದವು.

ಯಂತ್ರಗಳು ಮೆಮೊರಿಗೆ ನೇರವಾಗಿ ಬರೆಯಲೆಂದೇ ಇರುವ ವಿಧಾನದಲ್ಲಿ, ಕಂಪ್ಯೂಟರ್ ಶುರುವಾಗುವಾಗಲೇ ಒಂದೇ ಸಲಕ್ಕೆ ಅಖಂಡ ಜಾಗ ಕೇಳುವಂತೆ ಬದಲಿಸಿದೆ. ಪ್ರತಿ ಚಿತ್ರಕ್ಕೂ ಮೊದಲು ಆ ಜಾಗದಲ್ಲಿದ್ದ ಹಳೆಯದನ್ನು ಅಳಿಸುವಂತೆಯೂ, ಜಾಗ ಸಿಗದಿದ್ದರೆ ಚಿತ್ರವನ್ನೇ ತೆಗೆಯದಂತೆಯೂ ಮಾಡಿದೆ.

ಆಕೆ ಮತ್ತೆ ಬಂದ ದಿನ ನಾನೂ ಕ್ಲಿನಿಕ್‌ಗೆ ಹೋದೆ. ಚಿತ್ರ ಪೂರ್ತಿ ಬಂತು. ಒಂದು ಕಲೆಯೂ ಇರಲಿಲ್ಲ. ಆಕೆ ಪರದೆಯ ಹತ್ತಿರ ಬಗ್ಗಿ ನೋಡಿದರು.

"ಅವತ್ತಿನ ಕಣ್ಣಾಗಿನ ಕಲಿ ಯಾರವೋ ಇದ್ವಲ್ಲರಿ, ಅವ್ರಿಗಿ ಔಷಧ ಹಾಕ್ಯಾರೇನ್ರಿ?"

ಅದನ್ನು ನಾನು ಯಾರನ್ನೂ ಕೇಳಿಯೇ ಇರಲಿಲ್ಲ. ತೆಲುಗಿನಲ್ಲಿ ಡಾಕ್ಟರಮ್ಮನನ್ನು ವಿಚಾರಿಸಿದೆ. ಆ ರೋಗಿಯನ್ನು ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರಂತೆ, ಚಿಕಿತ್ಸೆ ನಡೆಯುತ್ತಿತ್ತು. ಹೇಳಿದಾಗ ಆಕೆ, "ಭಾಳ ಚಲೋ ಆತು" ಎಂದು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟರು.