ರೇಖೆಯಲ್ಲಿ ಒಂದು ತಗ್ಗು

ಪ್ರತಿ ಸೋಮವಾರ ಬೆಳಿಗ್ಗೆ, ಕಾಲೇಜಿಗೆ ಹೊರಡುವ ಮುನ್ನ, ನಾನೊಂದು ಪಟ್ಟಿ ತಯಾರಿಸುತ್ತಿದ್ದೆ. ರಾಯಚೂರಿನ ನಮ್ಮ ಸೈಕಲ್ ಗುಂಪಿನ ಹದಿನಾಲ್ಕು ಜನ ಹಿಂದಿನ ವಾರ ಎಷ್ಟು ದೂರ ತುಳಿದರು, ಗಂಟೆಗೆ ಎಷ್ಟು ಕಿಲೋಮೀಟರ್ ವೇಗದಲ್ಲಿ ತುಳಿದರು ಎಂಬುದರ ಪಟ್ಟಿ. ನಮ್ಮಲ್ಲಿ ಯಾರೂ ಪಂದ್ಯದವರಲ್ಲ. ಸಕ್ಕರೆ ಕಾಯಿಲೆಗೆ ಹೆದರಿ ಬಂದವರು, ಹೊಟ್ಟೆ ಕರಗಿಸಲು ಬಂದವರು, ನನ್ನ ಹಾಗೆ ಹೊಗೆ ಉಗುಳುವ ವಾಹನಗಳ ಮೇಲಿನ ಸಿಟ್ಟಿಗೆ ಬಂದವರು. ವಾರದಲ್ಲಿ ಮೂರು ದಿನ ಬೈಪಾಸಿನ ತನಕ ಹೋಗಿ ಬಂದರೆ ಹನ್ನೆರಡು ಹನ್ನೆರಡು ಕಿಲೋಮೀಟರ್, ಭಾನುವಾರ ಗಬ್ಬೂರಿಗೆ ಹೋಗಿ ಬಂದರೆ ಅರವತ್ತರ ಹತ್ತಿರ. ಅಷ್ಟು ಮಾಡಿದವನು ಗುಂಪಿನಲ್ಲಿ ಗಟ್ಟಿಗ. ಬಹಳ ಮಂದಿ ಭಾನುವಾರವೊಂದನ್ನೇ ತುಳಿದು, ಉಳಿದ ದಿನಗಳಿಗೆ ನೆಪ ಹೇಳುತ್ತಿದ್ದರು. ವೇಗವೂ ಹಾಗೆಯೇ. ಹೊಸಬರದು ಹದಿಮೂರು, ರೂಢಿಯಾದವರದು ಹದಿನೇಳು ಹದಿನೆಂಟು. ಇಪ್ಪತ್ತೆರಡು ಮುಟ್ಟಿದವರು ಅದನ್ನು ವಾರವಿಡೀ ಹೇಳಿಕೊಂಡು ತಿರುಗುತ್ತಿದ್ದರು.

ಈ ಪಟ್ಟಿಗೆ ನಾನೇ ಒಂದು ಕಾಲಂ ಸೇರಿಸಿದ್ದೆ: ವಾರದ ಅತಿ ನಿಧಾನದ ಕಿಲೋಮೀಟರ್. ಮೊಬೈಲ್ ಆ್ಯಪ್ ಪ್ರತಿ ಕಿಲೋಮೀಟರಿನ ವೇಗವನ್ನು ಬೇರೆ ಬೇರೆಯಾಗಿ ತೋರಿಸುತ್ತದೆ, ರೇಖೆಯೊಂದನ್ನೂ ಎಳೆಯುತ್ತದೆ. ಯಾರ ರೇಖೆ ಎಲ್ಲರಿಗಿಂತ ಕೆಳಗೆ ಇಳಿಯಿತೋ ಅವರು ಮುಂದಿನ ಭಾನುವಾರ ಗಬ್ಬೂರಿನ ಹೋಟೆಲಿನಲ್ಲಿ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿನ್ನಿಸಬೇಕು. ನಗೆಗೆಂದು ಮಾಡಿದ ನಿಯಮ. ಅದನ್ನು ಮಾಡಿದವನು ನಾನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ನಾನು ಹೆಸರಿಸಬೇಕಾದ ತಪ್ಪುಗಳ ಸಾಲಿನಲ್ಲಿ ಅದೂ ಒಂದು.

ತಿಂಗಳಿಗೊಮ್ಮೆ ನಾವು ಗಬ್ಬೂರಿನಿಂದ ಹಿಂದಿರುಗದೆ, ಇನ್ನೂ ಮುಂದೆ ಕೃಷ್ಣೆಯ ದಡದ ಹಳ್ಳಿಯಾದ ಗೂಗಲ್‌ವರೆಗೆ ಹೋಗುತ್ತಿದ್ದೆವು. ಅಂಥ ಪ್ರತಿ ವಾರವೂ ಮಿರ್ಚಿಯ ಪಾಳಿ ಒಬ್ಬರದೇ ಆಗಿರುತ್ತಿತ್ತು. ಅವರು ನಗರದ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು, ನನಗಿಂತ ಹತ್ತು ವರ್ಷ ಚಿಕ್ಕವರು, ಮನೆಯ ಹಜಾರದಲ್ಲಿ ಬುದ್ಧನ ಚಿತ್ರ ತೂಗುಹಾಕಿದವರು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ದಲಿತ ಕೇರಿಯಿಂದ ಓದಿ ಮೇಲೆ ಬಂದವರು. ಗುಂಪಿನಲ್ಲಿ ಅವರಷ್ಟು ಸಲೀಸಾಗಿ ತುಳಿಯುವವರು ಇನ್ನೊಬ್ಬರಿರಲಿಲ್ಲ. ಆದರೂ ಗೂಗಲ್ ದಾರಿಯಲ್ಲಿ ಅವರ ರೇಖೆ ಒಂದು ಕಡೆ ದಬಕ್ಕನೆ ನಾಲ್ಕು, ಐದಕ್ಕೆ ಕುಸಿದು, ಆ ತಗ್ಗಿನಿಂದ ಎದ್ದೊಡನೆ ಇಪ್ಪತ್ತೇಳಕ್ಕೆ ಜಿಗಿಯುತ್ತಿತ್ತು. ಏನೋ ನೆಪ ಹೇಳಿ ಹಿಂದೆ ಉಳಿದವರು, ನಾವು ನದಿಯ ದಡ ಮುಟ್ಟುವುದರೊಳಗೆ ನಮ್ಮನ್ನು ಕೂಡಿಕೊಂಡಿರುತ್ತಿದ್ದರು.

"ಮೇಷ್ಟ್ರು ನಡಬರಕ್ ಎಲ್ಲೋ ಒಂದ್ ನಿದ್ದಿ ಹೊಡೀತಾರ್ರೀ," ಎಂದು ಗುಂಪಿನ ಹಿರಿಯರಾದ ಔಷಧಿ ಅಂಗಡಿಯವರು ಛೇಡಿಸುತ್ತಿದ್ದರು.

"ಹೌದ್ರೀ, ಬೇವಿನ ಗಿಡದ ನೆಳ್ಳ ಭಾಳ ಚಲೋ ಅದ," ಎಂದು ಮೇಷ್ಟ್ರು ನಗುತ್ತಿದ್ದರು. "ಮಿರ್ಚಿ ಎಷ್ಟು ಪ್ಲೇಟ್ ಹೇಳ್ಲಿ?"

ನಾವು ತಿನ್ನುತ್ತಿದ್ದೆವು. ಯಾವ ಕಿಲೋಮೀಟರ್, ಯಾವ ಊರು ಎಂದು ನಕ್ಷೆ ತೆರೆದು ನೋಡುವ ಕುತೂಹಲ ನಮ್ಮಲ್ಲಿ ಯಾರಿಗೂ ಹುಟ್ಟಲಿಲ್ಲ. ಪ್ರತಿ ಸಲ ಒಂದೇ ಜಾಗದಲ್ಲಿ ಬೀಳುವ ತಗ್ಗನ್ನು ನೋಡಿಯೂ ಪ್ರಶ್ನೆ ಕೇಳದವನು ವಿಜ್ಞಾನ ಪಾಠ ಮಾಡುವ ನಾನು.

ಗೊತ್ತಾದದ್ದು ನನ್ನ ಸೈಕಲ್ಲಿನ ಚೈನು ಕಳಚಿದ ದಿನ. ಅದನ್ನು ಕೂಡಿಸಿಕೊಂಡು ನಾನೊಬ್ಬನೇ ಹಿಂದಿನಿಂದ ಹೊರಟಾಗ, ಮೇಷ್ಟ್ರ ಹುಟ್ಟೂರಿನ ಅಗಸಿ ಬಾಗಿಲ ಬಳಿ ಅವರು ಕಂಡರು. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಅವರ ತಾಯಿ ಈಗಲೂ ಅಲ್ಲೇ ಇದ್ದಾರೆ. ಡಾಂಬರು ರಸ್ತೆ ಆ ಊರಿನ ನಡುವೆಯೇ ಹಾಯುತ್ತದೆ. ಅಗಸಿಯಿಂದ ಚಾವಡಿಯವರೆಗೆ ಎರಡೂ ಬದಿಗೆ ದೊಡ್ಡ ಮನೆಗಳು, ಹನುಮಪ್ಪನ ಗುಡಿ, ಗುಡಿಯೆದುರು ಕಟ್ಟೆ, ಕಟ್ಟೆಯ ಮೇಲೆ ಬೆಳಗಿನ ಬಿಸಿಲಿಗೆ ಕೂತ ಗಂಡಸರು. ಮೇಷ್ಟ್ರು ಸೈಕಲ್ಲಿನಿಂದ ಇಳಿದು, ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ಸಿಕ್ಕಿಸಿ, ಸೈಕಲ್ ನೂಕಿಕೊಂಡು ನಡೆಯುತ್ತಿದ್ದರು. ಚಾವಡಿ ದಾಟಿದ ಮೇಲೆ ಹೆಲ್ಮೆಟ್ ಹಾಕಿಕೊಂಡು ಮತ್ತೆ ಹತ್ತಿದರು.

ಊರ ಹೊರಗಿನ ಕಾಲುವೆಯ ಬಳಿ ಅವರನ್ನು ತಡೆದು ನಿಲ್ಲಿಸಿದೆ.

"ಪಂಕ್ಚರಾ ಮೇಷ್ಟ್ರ?"

"ಅಲ್ರೀ ಸರ. ನೋಡಿದ್ರಲ್ಲ, ಮತ್ಯಾಕ ಕೇಳ್ತೀರಿ?"

"ಯಾರರ ಇಳೀರಿ ಅಂದ್ರೇನು?"

"ಈಗ ಯಾರೂ ಅನ್ನಂಗಿಲ್ಲ. ನಮ್ಮಪ್ಪಗ ಅಂತಿದ್ರು. ನಾ ಸಣ್ಣಾವಿದ್ದಾಗ ನನಗೂ ಅಂದಾರ. ಈಗಿನ ನಮ್ ಹುಡುಗ್ರು ಮೋಟಾರ್ ಸೈಕಲ್ ಮ್ಯಾಲ ಭರ್ ಅಂತ ಹೋಕ್ಕಾರ. ನಾ ಇಳೀತೀನಿ."

"ಯಾಕ?"

ಅವರು ಕಾಲುವೆಯ ನೀರನ್ನು ನೋಡಿದರು. "ನಮ್ಮವ್ವ ಸಾಲ್ಯಾಗ ಬಿಸಿಯೂಟ ಮಾಡ್ತಾಳ. ಆ ಕಟ್ಟಿ ಮ್ಯಾಗ ಕುಂತವ್ರ ಮೊಮ್ಮಕ್ಕಳು ಆಕಿ ಕೈಯಾಗ ಉಣ್ತಾವ. ಮೊದಲ್ನೇ ವರ್ಷ ನಮ್ ಕೇರಿ ಹುಡುಗ್ರು ಬಿಟ್ರ ಯಾರೂ ತಾಟ್ ಮುಟ್ಟಿದ್ದಿಲ್ಲ. ಆಕಿ ಏನೂ ಅನ್ಲಿಲ್ಲ, ದಿನಾ ಮಾಡಿದ್ಲು. ಒಂದೊಂದ ಹುಡುಗ ಬಂದು ಕುಂತು ಏಳು ವರ್ಷಕ್ಕ ಎಲ್ಲಾರೂ ಕುಂತಾರ್ರೀ. ಮಗಗ ಸೊಕ್ಕು ಬಂದದ ಅನ್ನೂದೊಂದು ಮಾತು ಆ ಕಟ್ಟಿ ಮ್ಯಾಲ ಹುಟ್ಟಿದ್ರ ಸಾಕು, ಆಕಿ ಬೋಗುಣಿ ಮತ್ತ ತುಂಬೇ ಉಳೀತದ. ನಿಮ್ ಪಟ್ಟಿವೊಳಗ ನಾ ತಳಕ್ಕಿದ್ರ ಇರ್ಲಿ ಬಿಡ್ರಿ."

ಬಿಡಬೇಕಿತ್ತು. ಅವರು ವಿಷಯವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಬಿಡಲಿಲ್ಲ. ನಾನು ಮಾನ್ವಿಯ ಅಕ್ಕಿ ಗಿರಣಿಯ ಮನೆಯಲ್ಲಿ ಬೆಳೆದವನು. ಮೂಟೆ ಹೊರುವ ಹಮಾಲರಿಗೆ ನಮ್ಮ ಹಿತ್ತಲ ಗೋಡೆಯ ಮೇಲೆ ಬೇರೆ ಲೋಟಗಳನ್ನು ಕವುಚಿ ಇಡುತ್ತಿದ್ದುದನ್ನು ಕಂಡವನು, ಕಾಲೇಜಿನ ದಿನಗಳಲ್ಲಿ ಅದನ್ನು ಪ್ರಶ್ನಿಸಿ ತಂದೆಯೊಡನೆ ಮಾತು ಬಿಟ್ಟವನು. ಅನ್ಯಾಯ ಕಂಡಲ್ಲಿ ಅದನ್ನು ಹೆಸರಿಟ್ಟು ಕರೆಯಬೇಕು ಎಂದು ನನ್ನ ಗುರುಗಳಿಂದ ಕಲಿತಿದ್ದೆ. ಕರೆದಾಗ ಅದು ಯಾರ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂಬ ಪಾಠವನ್ನು ಕಲಿತಿರಲಿಲ್ಲ.

ಮುಂದಿನ ತಿಂಗಳು ಗೂಗಲ್ಲಿಗೆ ಹೋಗುವ ದಾರಿಯಲ್ಲಿ, ಗಬ್ಬೂರಿನ ಹೋಟೆಲಿನಲ್ಲಿ, ಮೇಷ್ಟ್ರು ಹಿಂದಿನ ಬಾಕಿಗೆ ತರಿಸಿದ ಮಿರ್ಚಿಯ ತಟ್ಟೆಗಳ ಎದುರು, ನಾನು ಎಲ್ಲರಿಗೂ ವಿಷಯ ತಿಳಿಸಿದೆ. ಅವರ ಅನುಮತಿ ಕೇಳಲಿಲ್ಲ. ಮಾತು ಮುಗಿದಾಗ ಎಲ್ಲರ ಕೈಗಳೂ ತಟ್ಟೆಯ ಮೇಲೆಯೇ ನಿಂತಿದ್ದವು. ಔಷಧಿ ಅಂಗಡಿಯವರು ಎದ್ದು ಮೇಷ್ಟ್ರ ಹೆಗಲು ಹಿಡಿದರು. "ಇವತ್ತ್ ಇಳೀಬ್ಯಾಡ್ರಿ. ಹದಿಮೂರ್ ಮಂದಿ ನಿಮ್ ಸುತ್ತ ಇರ್ತೀವಿ. ಯಾರ್ ಏನಂತಾರ ನೋಡೂಣು."

ಮೇಷ್ಟ್ರು ನನ್ನನ್ನು ನೋಡಿದರು. "ಸರ, ಬ್ಯಾಡ್ರೀ."

"ಇದು ನಿಮ್ಮೊಬ್ರ ಪ್ರಶ್ನೆ ಅಲ್ಲ, ಮೇಷ್ಟ್ರ," ಎಂದೆ.

ಅವರು ಎದ್ದು ಮಿರ್ಚಿಯ ಹಣ ಕೊಟ್ಟು ಬಂದರು. ಹದಿಮೂರು ಜನರ ಸದ್ಭಾವನೆಯ ಎದುರು ಒಬ್ಬ ಮನುಷ್ಯ ಎಷ್ಟು ಹೊತ್ತು ಬೇಡ ಎನ್ನಬಲ್ಲ? ಹೀಗೆ ನಾವು ಅವರನ್ನು ನಡುವೆ ಹಾಕಿಕೊಂಡು, ಹಳದಿ ಕಿತ್ತಳೆ ಜರ್ಸಿಗಳಲ್ಲಿ, ಗಂಟೆಗೆ ಹದಿನೆಂಟರ ವೇಗದಲ್ಲಿ ಆ ಅಗಸಿಯನ್ನು ಹಾದೆವು. ಯಾರೋ ಬೆಲ್ ಬಾರಿಸತೊಡಗಿದರು, ಎಲ್ಲರೂ ಬಾರಿಸಿದರು. ನಾನೂ ಬಾರಿಸಿದೆ. ಕಟ್ಟೆಯ ಮೇಲಿನವರು ಎದ್ದು ನಿಲ್ಲಲಿಲ್ಲ, ಬೈಯಲಿಲ್ಲ. ಬಿಳಿ ಟೊಪ್ಪಿಗೆಯ ಮುದುಕರೊಬ್ಬರು ಮಾತ್ರ, ನಗುತ್ತಲೇ, ಕೂಗಿ ಕೇಳಿದರು: "ಏನಲೇ ಮಾಸ್ತರ, ಮೆರವಣಿಗಿ ಜೋರದ! ಅವ್ವಗ ಹೇಳೀಯಿಲ್ಲೋ?"

ಐದು ನಿಮಿಷದ ದಾರಿಯನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿದೆವು. ಕಾಲುವೆಯ ಬಳಿ ನಿಂತು ಫೋಟೋ ತೆಗೆಸಿಕೊಂಡೆವು. ಅದರ ಕೆಳಗೆ ನಾನು ಒಂದು ದೀರ್ಘ ಟಿಪ್ಪಣಿ ಬರೆದು, ಊರಿನ ಹೆಸರು ಸಹಿತ, ಗುಂಪಿನಲ್ಲಿ ಹಾಕಿದೆ. ಸಂಜೆಯೊಳಗೆ ಅದು ದೇವದುರ್ಗದಿಂದ ಮಾನ್ವಿಯವರೆಗೆ ಎಲ್ಲರ ಮೊಬೈಲಿನಲ್ಲೂ ಇತ್ತು. ಆ ವಾರದ ಪಟ್ಟಿಯಲ್ಲಿ ಮೇಷ್ಟ್ರ ರೇಖೆ ಸಪಾಟಾಗಿ ಹರಿಯಿತು. ಅದಕ್ಕೊಂದು ನಕ್ಷತ್ರದ ಗುರುತು ಹಾಕಿದೆ.

ಮಂಗಳವಾರ ದೊಡ್ಡ ಓಣಿಯ ಮಕ್ಕಳು ಬುತ್ತಿ ಡಬ್ಬಿ ಹಿಡಿದು ಶಾಲೆಗೆ ಬಂದರು. ಬುಧವಾರ ಉಳಿದವರೂ ತಂದರು. ಕೇರಿಯ ಮಕ್ಕಳು ಮಾತ್ರ, ಏಳು ವರ್ಷಗಳ ಹಿಂದಿನಂತೆ, ಒಂದು ಮೂಲೆಯಲ್ಲಿ ಕೂತು ಉಂಡರು.

ಆಗ ನಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ: ಮನವಿ ಬರೆದೆ, ತಾಲ್ಲೂಕು ಕೇಂದ್ರಕ್ಕೆ ಅಲೆದೆ, ಕಾನೂನಿನ ಕಲಮುಗಳನ್ನು ಹೇಳಿದೆ. ಅಧಿಕಾರಿಗಳು ಜೀಪಿನಲ್ಲಿ ಬಂದು, ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ತಾವೂ ಒಂದು ತುತ್ತು ಉಂಡು, ಚಿತ್ರ ತೆಗೆಸಿಕೊಂಡು, ಸಮಸ್ಯೆ ಇಲ್ಲವೆಂದು ಬರೆದುಕೊಂಡು ಹೋದರು. ಮರುದಿನ ಮತ್ತೆ ಡಬ್ಬಿಗಳು ಬಂದವು. ಮೇಷ್ಟ್ರ ತಾಯಿಯಿಂದಲೇ ದೂರು ಕೊಡಿಸಬೇಕೆಂದು ನಾನು ಆ ಶಾಲೆಗೆ ಹೋದೆ.

ಅದು ಊಟದ ಹೊತ್ತು. ಅಡುಗೆ ಕೋಣೆಯ ಹೊಸ್ತಿಲಲ್ಲಿ ಅವರು ಕೂತಿದ್ದರು. ಹಿಂದೆ ದೊಡ್ಡ ಬೋಗುಣಿಯ ತುಂಬ ಅನ್ನ. ಅದರ ಮೇಲೆ ಒಂದು ಮೂಲೆಯಲ್ಲಷ್ಟೇ ಸೌಟು ಆಡಿದ ಗುರುತು.

"ಬರ್ರಿ ಯಪ್ಪಾ, ಕುಂದ್ರಿ. ನೀವಲ್ಲೇನ್ರೀ ನಮ್ಮ ಹುಡುಗನ ಗೂಡ ಸೈಕಲ್ ಹೊಡ್ಯಾವ್ರು? ಬಿಸ್ಲಾಗ ಬಂದೀರಿ, ಉಣ್ರಿ."

ನಾನು ಕೂತು ಉಂಡೆ. ಬೇಳೆ ಸಾರು ಆರಿತ್ತು. ಎರಡನೆಯ ಸಲ ನೀಡಿಸಿಕೊಂಡೆ. ಅವರು ನಾನು ಉಣ್ಣುವುದನ್ನೇ ನೋಡುತ್ತಿದ್ದರು.

"ಯವ್ವಾ, ನೀವೊಂದು ದೂರು ಕೊಡಬೇಕು," ಎಂದೆ. "ಇದು ಅಪರಾಧ. ಯಾರನ್ನೂ ಸುಮ್ನೆ ಬಿಡಬಾರ್ದು."

"ಯಾರ ಮ್ಯಾಲ ಕೊಡ್ಲಿ ಯಪ್ಪಾ? ಆ ಮೂರನೇ ಕ್ಲಾಸಿನ ಹುಡುಗಿ ಮ್ಯಾಲ? ಆಕಿ ನಿನ್ನೆ ಬಂದು, ಅಜ್ಜಿ, ಇವತ್ತ್ ಏನ್ ಮಾಡೀ ಅಂತ ಕೇಳಿ ಹೋದ್ಲು. ಅವ್ರಪ್ಪ ಹೊಡೀತಾನ ಅಂತ ಉಣ್ಲಿಲ್ಲ." ಅವರು ಸೌಟನ್ನು ಸೆರಗಿನಿಂದ ಒರೆಸಿದರು. "ನೀವು ಉಂಡ್ರಿ, ಚಲೋ ಆತು. ಆದ್ರ ನೀವು ಉಂಡ್ರ ಏನ್ ಬಂತ್ರೀ? ಅವು ಉಣ್ಣಬೇಕಿತ್ತು."

ನನ್ನ ಕೈ ಒಣಗುವವರೆಗೆ ಕೂತಿದ್ದೆ. ಆ ಕಟ್ಟೆಯ ಅನ್ಯಾಯ ನಿಜ, ಅಧಿಕಾರಿಗಳ ವಂಚನೆ ನಿಜ, ಅವೆರಡನ್ನೂ ನಾನು ಇಂದಿಗೂ ಅದೇ ಹೆಸರುಗಳಿಂದ ಕರೆಯುತ್ತೇನೆ. ಆದರೆ ಏಳು ವರ್ಷ ಆ ಅನ್ಯಾಯದ ಕೈಯಿಂದ ಒಂದೊಂದು ಮಗುವನ್ನು ಬಿಡಿಸಿ ತಂದು ಕೂರಿಸಿದ ಹೆಂಗಸಿನ ಕೆಲಸವನ್ನು ಒಂದೂವರೆ ನಿಮಿಷದಲ್ಲಿ ಕೆಡವಿದವರಲ್ಲಿ ಮುಂದಾಳು ನಾನು.

ತಿಂಗಳೊಳಗೆ ಶಾಲೆಯವರು ಒಂದು ದಾರಿ ಕಂಡುಕೊಂಡರು. ಅಡುಗೆಗೆ ದೊಡ್ಡ ಓಣಿಯ ಒಬ್ಬ ಹೆಂಗಸು ಬಂದಳು. ಮೇಷ್ಟ್ರ ತಾಯಿಯನ್ನು ಕೆಲಸದಿಂದ ತೆಗೆಯಲಿಲ್ಲ. ಹೊರಗಿನ ನಲ್ಲಿಯ ಬಳಿ ಪಾತ್ರೆ ತೊಳೆಯಲು, ಅಂಗಳ ಗುಡಿಸಲು ಇಟ್ಟರು. ಕಾಗದದಲ್ಲಿ ಅವರು ಈಗಲೂ ಅಡುಗೆಯವರೇ ಆದ್ದರಿಂದ ದೂರಿಗೆ ಆಧಾರವಿಲ್ಲ ಎಂದು ನನಗೆ ತಿಳಿಸಲಾಯಿತು. ಡಬ್ಬಿಗಳು ಬರುವುದು ಅದೇ ವಾರ ನಿಂತಿತು.

ಮೇಷ್ಟ್ರು ನಾಲ್ಕು ತಿಂಗಳು ಸೈಕಲ್ ಮುಟ್ಟಲಿಲ್ಲ. ಅವರ ಸಾಲನ್ನು ನಾನು ಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದೆ. ಮತ್ತೆ ಅವರು ಬಂದದ್ದು ಗೂಗಲ್‌ನ ಭಾನುವಾರವೇ. ಅಗಸಿ ಹತ್ತಿರವಾದಂತೆ ನಾನು ಬ್ರೇಕು ಹಿಡಿದೆ, ಅವರಿಗೆ ಜಾಗ ಬಿಟ್ಟೆ. ಅವರು ಇಳಿಯಲಿಲ್ಲ. ಹೆಲ್ಮೆಟ್ ತೆಗೆಯದೆ, ಆಚೆ ಈಚೆ ನೋಡದೆ, ಗುಡಿ, ಕಟ್ಟೆ, ಚಾವಡಿಗಳನ್ನು ತುಳಿದುಕೊಂಡೇ ಹಾದುಹೋದರು. ಕಟ್ಟೆಯ ಮೇಲಿಂದ ಯಾರೂ ಕೂಗಲಿಲ್ಲ.

ಕಾಲುವೆಯ ಬಳಿ ನಾನು ಅವರ ಪಕ್ಕಕ್ಕೆ ಬಂದೆ. ಕೇಳುವ ಮೊದಲೇ ಅವರು ಹೇಳಿದರು: "ಅವ್ವನೇ ಹೇಳಿದ್ಲು. ಇನ್ ಯಾಕ್ ಇಳೀತಿಯೋ ಯಪ್ಪಾ, ಇಳಿಯೂದಕ್ಕ ಇನ್ನೇನ್ ಉಳದದ ಅಂದ್ಲು."

ಸೋಮವಾರ ಪಟ್ಟಿ ಹಾಕಿದೆ. ವಾರದ ಒಟ್ಟು ದೂರ ನೂರಾ ಎರಡು, ಸರಾಸರಿ ಹತ್ತೊಂಬತ್ತು, ರೇಖೆಯಲ್ಲಿ ಎಲ್ಲೂ ತಗ್ಗಿಲ್ಲ. ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಒಂದರ ಹಿಂದೊಂದು ಬಂದವು. ಔಷಧಿ ಅಂಗಡಿಯವರು ಬರೆದರು: "ಮೇಷ್ಟ್ರ, ನಿಮ್ ಮಿರ್ಚಿ ಬಂದ್ ಆದ್ವಲ್ರೀ!"

"ಹೌದ್ರೀ," ಎಂದು ಮೇಷ್ಟ್ರು ಉತ್ತರಿಸಿದರು. "ಬಂದ್ ಆದ್ವು."