ಕಂಪ್ಲಿಗೆ ಹೋದ ಉಪ್ಪುನೀರು

ಭಾವ ಆ ಅಕ್ವೇರಿಯಂ ಕೊಂಡದ್ದು ಸಂಡೂರಿನ ಗಣಿಗಳಿಂದ ಅದಿರು ಸಾಗಿಸಲು ಅವರ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲದಲ್ಲಿ. ಹೊಸಪೇಟೆಯಿಂದ ಮಲಪನಗುಡಿಗೆ ಹೋಗುವ ದಾರಿಯಲ್ಲಿ ಮಹಡಿ ಮನೆ ಎದ್ದಿತು. ಮೇಲಿನ ಹಾಲ್‌ನಲ್ಲಿ ಸೋಫಾಕ್ಕಿಂತ ಉದ್ದದ ಗಾಜಿನ ತೊಟ್ಟಿ ಬಂದು ಕೂತಿತು. ಅದಕ್ಕೆ ಕಡಲುಪ್ಪಿನ ಪುಡಿ ಬೆರೆಸಿ ಮಾಡಿದ ನೀರು, ತಳದಲ್ಲಿ ಕಡಲಿನ ಕಲ್ಲುಗಳು, ನಡುವೆ ಕೆಂಪು ಬಿಳಿ ಪಟ್ಟೆಯ ಒಂದೇ ಒಂದು ಲಯನ್ ಫಿಶ್. ಬೀಸಣಿಗೆಯಂಥ ರೆಕ್ಕೆ, ಬೆನ್ನ ಮೇಲೆ ವಿಷದ ಮುಳ್ಳು. ಈಜುವುದಕ್ಕಿಂತ ತೇಲಿಕೊಂಡು ನಿಲ್ಲುವುದೇ ಹೆಚ್ಚು. ಅದಿರಿನ ದುಡ್ಡು ಏನೇನೋ ಮಾಡಿಸುತ್ತದೆ ಎಂದು ನಾನು ನಕ್ಕಿದ್ದೆ.

ಆಮೇಲೆ ಭಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ಕರೆದರೆ ತಿರುಗುತ್ತಿರಲಿಲ್ಲ, ಟಿವಿ ಹಚ್ಚಿದರೆ ಕಣ್ಣು ಮುಚ್ಚುತ್ತಿದ್ದರು. ತೊಟ್ಟಿಯ ಮುಂದೆ ಕೂರಿಸಿದಾಗ ಮಾತ್ರ ಅವರ ಕಣ್ಣು ಆ ನಿಧಾನದ ಮೀನಿನ ಹಿಂದೆ ಹೋಗುತ್ತಿತ್ತು. ಅದೇ ಹೊತ್ತು ನೋಡಿ ಅಕ್ಕ ಅವರಿಗೆ ಗಂಜಿ ಕುಡಿಸುತ್ತಿದ್ದಳು.

ಮೆಟ್ಟಿಲಿನ ಮನೆ ಇನ್ನು ನಡೆಯುವಂತಿರಲಿಲ್ಲ. ಕಂಪ್ಲಿಯಲ್ಲಿ ಅಕ್ಕನ ಅತ್ತೆ ರೈಸ್ ಮಿಲ್ ನಡೆಸುತ್ತಿದ್ದರು; ಮಿಲ್ಲಿನ ಅಂಗಳದಲ್ಲೇ ಅವರ ಮನೆ. ಅಲ್ಲಿಗೆ ಹೋಗುವುದೆಂದಾಯಿತು. ತೊಟ್ಟಿಯೂ ಬರಲಿ ಎಂದು ಅತ್ತೆ ಒಪ್ಪಿದರು. ಆದರೆ ಆ ಮೀನು ತಿನ್ನುತ್ತಿದ್ದುದು ಸೀಗಡಿ ಮಾತ್ರ. ಅತ್ತೆಯದು ತತ್ತಿಯ ಓಡೂ ಒಳಗೆ ಬರದ ಮನೆತನ. ಹೊಸಪೇಟೆಯಲ್ಲಿ ಸೀಗಡಿಗೆಂದೇ ಕಾರ್ ಶೆಡ್ಡಿನಲ್ಲಿ ಒಂದು ಚಿಕ್ಕ ಫ್ರಿಜ್ ಇತ್ತು. ಕಂಪ್ಲಿಯಲ್ಲಿ ತೊಟ್ಟಿ ನಿಲ್ಲಬೇಕಾಗಿದ್ದದ್ದು ಪಡಸಾಲೆಯಲ್ಲಿ, ದೇವರಮನೆಯ ಎದುರಿಗೆ.

"ಮೀನು ಬರ್ಲಿ, ಅದೂ ಒಂದು ಜೀವ," ಎಂದರು ಅತ್ತೆ. "ಅದರ ಕೂಳು ಮಾತ್ರ ನನ್ನ ಹೊಸ್ತಲಾ ದಾಟಬಾರ್ದು."

ಒಣ ಆಹಾರ ರೂಢಿ ಮಾಡಿಸಿದರಾಯಿತು ಎಂದು ಅಕ್ಕ ತಲೆಯಾಡಿಸಿದಳು.

ಸಾಗಿಸಿದ್ದು ಮಿಲ್ಲಿನ ಲಾರಿಯಲ್ಲಿ. ಹಳೆಯ ನೀರಿನ ಅರ್ಧವನ್ನು ಹೊಸ ಡ್ರಮ್ಮುಗಳಲ್ಲಿ ತುಂಬಿದೆವು. ಕಲ್ಲುಗಳು ಒಣಗಿದರೆ ಅವುಗಳ ಮೇಲಿನ ಸೂಕ್ಷ್ಮಜೀವಿಗಳು ಸತ್ತು ನೀರು ಕೆಡುತ್ತದೆಂದು ಅವನ್ನು ಒದ್ದೆ ಗೋಣಿಯಲ್ಲಿ ಸುತ್ತಿದೆವು. ಮೀನಿನ ಡ್ರಮ್ಮಿಗೆ ಬ್ಯಾಟರಿಯ ಗಾಳಿ ಪಂಪು. ಹಮಾಲರಲ್ಲಿ ಒಬ್ಬ, ಹೊಳೆ ಹರಿಯುವ ಊರಿಗೆ ನೀರು ಹೊತ್ತುಕೊಂಡು ಹೋಗುವುದನ್ನು ನೋಡಿದವರು ಏನೆಂದಾರು ಎಂದು ಗೊಣಗಿದ. ಇನ್ನೊಬ್ಬ, "ಸಮುದ್ರ ಹೊತ್ತೀವಿ ಅನ್ನಲೇ, ನಿಮ್ಮಪ್ಪ ಹೊತ್ತಿದ್ನೇನು?" ಎಂದ.

ದಾರಿಯಲ್ಲಿ ಅದಿರಿನ ಲಾರಿಗಳ ಸಾಲಿಗೆ ಸಿಕ್ಕು, ಡ್ರಮ್ಮಿನ ಮುಚ್ಚಳದ ಮೇಲೆ ಕೂರುತ್ತಿದ್ದ ಕೆಂಪು ಧೂಳನ್ನು ನಾನು ಒರೆಸುತ್ತಲೇ ಇದ್ದೆನೆಂದು ನನ್ನ ನೆನಪು. ಕಮಲಾಪುರದ ದಾರಿಯಲ್ಲಿ ಅಷ್ಟು ಲಾರಿಗಳು ಎಲ್ಲಿದ್ದವು ಎನ್ನುತ್ತಾಳೆ ಅಕ್ಕ. ಬೇರೆ ಯಾವುದೋ ದಿನದ, ಬೇರೆ ದಾರಿಯ ಧೂಳನ್ನು ನಾನು ಈ ದಿನದ ಮೇಲೆ ಸುರಿದಿರಬಹುದು.

ಮೀನು ಜೀವಂತವಾಗಿ ತಲುಪಿತು. ಆದರೆ ಹೊಸ ಜಾಗದಲ್ಲಿ ಕಲ್ಲಿನ ಹಿಂದೆ ಮೂಲೆ ಹಿಡಿಯಿತು. ಒಣ ಆಹಾರ ಮುಟ್ಟಲಿಲ್ಲ. ಭಾವ ಖಾಲಿ ನೀರಿನ ಮುಂದೆ ಕಣ್ಣು ಮುಚ್ಚಿ ಕೂತರು. ಬಾಯಿಗಿಟ್ಟ ಗಂಜಿ ಕಟವಾಯಿಯಿಂದ ಹೊರಗೆ ಇಳಿಯತೊಡಗಿತು. ದಿನ ಕಳೆದಂತೆ ಮುಖ ಬತ್ತಿತು. ಜಾಗ ಬದಲಾದರೆ ಹೀಗಾಗುವುದುಂಟು, ಇನ್ನೂ ತಿನ್ನದಿದ್ದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಅಕ್ಕನಿಗೆ ಕಾರಣ ಮೀನೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಎರಡು ಸಂಗತಿ ಒಟ್ಟಿಗೆ ನಡೆದರೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ ಎಂದು ಧಾರವಾಡದಲ್ಲಿ ಓದಿ ಬಂದ ನಾನು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಲಿಲ್ಲ. ಅತ್ತೆಯನ್ನು ಕೇಳಲೂ ಇಲ್ಲ, ಮಾತು ಕೊಟ್ಟಾಗಿತ್ತು.

ಮರುದಿನ ಬೆಳಿಗ್ಗೆ ಹೊಳೆದಂಡೆಯ ಬೆಸ್ತರಿಂದ ಒಂದು ಹಿಡಿ ಸೀಗಡಿ ಕೊಂಡು, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮನೆಯ ಮೆಟ್ಟಿಲ ಕೆಳಗೆ ನಿಂತೆ. ಪೂಜೆ ಮುಗಿಸಿ ಅತ್ತೆ ಹೊರಗೆ ಬಂದರು. ಹಣೆಯ ಮೇಲೂ ಮುಂಗೈಯ ಮೇಲೂ ವಿಭೂತಿ ಇನ್ನೂ ಹಸಿಯಾಗಿತ್ತು. ಮೀನಿಗೂ ಮನುಷ್ಯರ ಮಡಿಗೂ ಸಂಬಂಧವಿಲ್ಲವೆಂದು ನಾನು ಶುರುಮಾಡಿದೆ.

"ಭಾಷಣ ಬ್ಯಾಡ ತಮ್ಮಾ, ಅದನ್ನ ಕಾಲೇಜಿನ್ಯಾಗ ಮಾಡು," ಎಂದರು. ಡಬ್ಬಿಯನ್ನು ನೋಡಿದರು. ತಿರುಗಿ ಒಳಗೆ ಮಗನನ್ನು ನೋಡಿದರು. "ಅದು ತಿಂದ್ರ ಇವ ಉಣ್ತಾನೇನು?"

"ಗೊತ್ತಿಲ್ರಿ ಅತ್ತಿ. ಹಂಗ ಹೇಳಾಕ ಬರಂಗಿಲ್ಲ."

ಅವರು ಒಂದು ಮೆಟ್ಟಿಲು ಇಳಿದರು.

"ತಾ ಇಲ್ಲಿ," ಎಂದು ಕೈಚಾಚಿ ಡಬ್ಬಿ ತೆಗೆದುಕೊಂಡರು. ಹೊಸ್ತಿಲು ದಾಟಿ ಒಳಗೆ ಹೋದರು.

ಲಯನ್ ಫಿಶ್ ಅಲುಗಾಡುವುದನ್ನು ಮಾತ್ರ ಹಿಡಿಯುತ್ತದೆ. ಸತ್ತ ಸೀಗಡಿಯನ್ನು ತೆಂಗಿನ ಗರಿಯ ಕಡ್ಡಿಗೆ ಚುಚ್ಚಿ ನೀರಿನಲ್ಲಿ ಆಡಿಸಬೇಕು. ಆ ಕಡ್ಡಿ ಹಿಡಿದದ್ದು ವಿಭೂತಿ ಹಚ್ಚಿದ ಮುಂಗೈ ಎಂದು ನನ್ನ ಕಣ್ಣಿಗೆ ಕಟ್ಟಿದೆ. ಅಕ್ಕ ಒಪ್ಪುವುದಿಲ್ಲ. ಅತ್ತೆ ಡಬ್ಬಿಯನ್ನು ತನ್ನ ಕೈಗೆ ಕೊಟ್ಟು "ಹಾಕವಾ" ಎಂದರು, ಹಾಕಿದವಳು ತಾನು ಎನ್ನುತ್ತಾಳೆ. ನಾನು ಬಾಗಿಲಲ್ಲಿದ್ದೆ, ಅವಳು ತೊಟ್ಟಿಯ ಪಕ್ಕದಲ್ಲಿದ್ದಳು; ಹಾಗೆ ನೋಡಿದರೆ ಅವಳ ಮಾತೇ ಹೆಚ್ಚು ನಂಬಲರ್ಹ. ಆ ಕೈಯನ್ನು ನಾನು ಕಂಡೆನೋ, ಕಾಣಬೇಕೆನಿಸಿ ಆಮೇಲೆ ಜೋಡಿಸಿಕೊಂಡೆನೋ, ಹೇಳಲಾರೆ.

ಮೀನು ಕಲ್ಲಿನ ಹಿಂದಿನಿಂದ ನಿಧಾನವಾಗಿ ಬಂತು. ರೆಕ್ಕೆಗಳನ್ನು ಪೂರ್ತಿ ಬಿಚ್ಚಿ ಕಡ್ಡಿಯ ಎದುರಿಗೆ ನಿಂತಿತು. ಬಾಯಿ ತೆರೆದದ್ದು ಕಾಣಲೇ ಇಲ್ಲ. ಸೀಗಡಿ ಇರಲಿಲ್ಲ, ಅಷ್ಟೆ.

ಅತ್ತೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಒದ್ದೆ ಕೂದಲಲ್ಲೇ ಗಂಜಿಯ ಬಟ್ಟಲು ಹಿಡಿದು ಬಂದು ಮಗನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಭಾವನ ಕಣ್ಣು ತೆರೆದಿತ್ತು, ಮೀನಿನ ಜೊತೆ ಎಡಕ್ಕೆ ಹೋಗಿ ಬಲಕ್ಕೆ ಬರುತ್ತಿತ್ತು.

"ಅದು ತಿಂತು ನೋಡಪಾ," ಎಂದರು ಅತ್ತೆ. "ಈಗ ನೀನೂ ಒಂದು ತುತ್ತು ತಗೋ."

ಮೊದಲ ಚಮಚ ಗದ್ದದ ಮೇಲೆ ಹರಿಯಿತು. ಅವರು ಅದನ್ನು ಸೆರಗಿನಿಂದ ಒರೆಸಿ, ಅವಸರ ಮಾಡದೆ, ಎರಡನೆಯದನ್ನು ಹಿಡಿದರು. ಭಾವ ನುಂಗಿದರು. ಅಕ್ಕ ನೀರು ತರುತ್ತೇನೆಂದು ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ.